ತಮ್ಮ ಉತ್ತರ ಸಿಕ್ಕಿಂನಲ್ಲಿದ್ದಾನೆ: ಭೂಕಂಪಕ್ಕೆ ಗುಡ್ಡ ಬೀಳುವುದು ಹೇಗೆ, ಮೊದಲೇ ಏನು ನೋಡಿಕೊಳ್ಳಬೇಕು?

ಕಾಫಿತೋಟ ಕೇಳಿದ್ದು:

ನಮ್ಮದು ಕೊಡಗಿನ ಮಾದಾಪುರದ ಹತ್ತಿರ. 2018ರ ಆಗಸ್ಟ್‌ನಲ್ಲಿ ಎದುರಿನ ಗುಡ್ಡ ಜರಿದದ್ದನ್ನು ಮನೆ ಅಂಗಳದಲ್ಲಿ ನಿಂತು ನೋಡಿದವರು ನಾವು. ಮಳೆಗೆ ಗುಡ್ಡ ಜರಿಯುವುದು ಹೇಗೆ ಅಂತ ನಮಗೆ ಗೊತ್ತು. ಅವತ್ತು ಬೆಳಿಗ್ಗೆಯೇ ತೋಟದ ಹಳ್ಳದ ನೀರು ಕೆಂಪಾಗಿತ್ತು. ಕಾಫಿ ಗಿಡದ ಸಾಲಿನ ಮಧ್ಯೆ ನೆಲ ಬಿರುಕು ಬಿಟ್ಟಿತ್ತು. ಅಪ್ಪ ಅದನ್ನು ನೋಡಿ, ದನ ಬಿಚ್ಚಿ ಓಡಿಸಿ, ನಮ್ಮನ್ನು ಕರೆದುಕೊಂಡು ಹೊರಟರು. ಹಾಗಾಗಿ ಉಳಿದೆವು.

ಈಗ ತಮ್ಮನಿಗೆ ಉತ್ತರ ಸಿಕ್ಕಿಂನಲ್ಲಿ ಕೆಲಸ. ಡಿಪ್ಲೊಮಾ ಸಿವಿಲ್ ಮಾಡಿದ್ದಾನೆ. 2023ರಲ್ಲಿ ತೀಸ್ತಾ ನದಿ ಉಕ್ಕಿ ಕೊಚ್ಚಿಕೊಂಡು ಹೋದ ರಸ್ತೆ, ಸೇತುವೆಗಳ ಕಡೆಯ ಕೆಲಸ ಅದು. ಮಂಗನ್ ದಾಟಿ ಚುಂಗ್‌ಥಾಂಗ್‌ಗೆ ಹೋಗುವ ದಾರಿಯಲ್ಲಿ ಕ್ಯಾಂಪ್. ಹೋದ ವಾರ ಫೋಟೊ ಕಳಿಸಿದ. ನಾಲ್ಕು ತಗಡಿನ ಶೆಡ್ಡು, ಬೆನ್ನಿಗೆ ನೆಟ್ಟಗೆ ಎದ್ದ ಗುಡ್ಡ, ಎದುರಿಗೆ ನದಿ. ಆ ಫೋಟೊ ನೋಡಿದ ದಿನದಿಂದ ಅಮ್ಮನಿಗೆ ಊಟ ಸೇರುತ್ತಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಮಳೆ ಆದರೆ ಮೊದಲೇ ಏನಾದರೂ ಸುಳಿವು ಕೊಡುತ್ತದೆ. ಭೂಕಂಪ ಹೇಳಿ ಬರುವುದಿಲ್ಲ, ಅಲ್ವಾ? ಹಾಗಾದರೆ ಅವನು ಏನನ್ನು ನೋಡಿಕೊಳ್ಳಬೇಕು? ಅಲ್ಲಿದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. "ದೇವರಿದ್ದಾನೆ, ಧೈರ್ಯವಾಗಿರಿ" ಅನ್ನುವ ಮಾತು ಸಾಕಷ್ಟು ಸಿಕ್ಕಿದೆ.

ಯಸಳೂರಿನವ ಬರೆದದ್ದು:

ತಂಗೀ, ಆ ದಾರಿಯಲ್ಲಿ ನಾನು ನಾಲ್ಕು ವರ್ಷ ಡೋಜರ್ ಓಡಿಸಿದ್ದೇನೆ. 2011ರ ಸೆಪ್ಟೆಂಬರ್ 18ಕ್ಕೆ ಅಲ್ಲೇ ಇದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ. ಆಮೇಲೆ ತಮ್ಮನಿಗೂ ಓದಿ ಹೇಳಿ.

ಅವತ್ತು ಭಾನುವಾರ. ಸಂಜೆ 6 ಗಂಟೆ 10 ನಿಮಿಷ. ಅಲ್ಲಿ ನಮ್ಮೂರಿಗಿಂತ ಬೇಗ ಕತ್ತಲಾಗುತ್ತದೆ. ಜಿಟಿಜಿಟಿ ಮಳೆ ಹಿಡಿದಿತ್ತು. ನಾನು ಶೆಡ್ಡಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಸ್ಟವ್‌ಗೆ ಪಂಪ್ ಹೊಡೆಯುತ್ತಿದ್ದೆ. ಮೊದಲು ಬಂದದ್ದು ಸದ್ದು. ಲೋಡ್ ಲಾರಿ ಏರು ಹತ್ತುವಾಗ ಬರುತ್ತದಲ್ಲ, ಆ ಥರ. ಈ ಹೊತ್ತಲ್ಲಿ ಯಾವ ಲಾರಿ ಅಂತ ತಲೆ ಎತ್ತುವಷ್ಟರಲ್ಲಿ ನೆಲ ಜರಡಿ ಆಡಿಸಿದ ಹಾಗೆ ಆಡಿತು. ತಗಡು ಬಡಿದುಕೊಂಡಿತು. ಎದ್ದು ನಿಲ್ಲಲು ಆಗಲಿಲ್ಲ, ಕೈ ಊರಿ ಹೊರಗೆ ಬಂದೆ. 6.9ರ ಭೂಕಂಪ ಅಂತ ಆಮೇಲೆ ತಿಳಿಯಿತು.

ಅಲುಗಾಟ ಒಂದು ನಿಮಿಷವೂ ಇರಲಿಲ್ಲ. ನೆಲ ನಿಂತಿತು. ಬೆಟ್ಟ ನಿಲ್ಲಲಿಲ್ಲ. ಇದನ್ನು ತಮ್ಮನಿಗೆ ಮೊದಲು ಹೇಳಿ.

ನದಿಯ ಆಚೆ ದಡದ ಗುಡ್ಡದಿಂದ ಕಲ್ಲು ಉರುಳುವ ಸದ್ದು ರಾತ್ರಿಯಿಡೀ ಕೇಳಿತು. ಕತ್ತಲಲ್ಲಿ ಕಲ್ಲಿಗೆ ಕಲ್ಲು ಬಡಿದು ಕಿಡಿ ಹಾರುವುದು ಕಾಣುತ್ತಿತ್ತು. ಚಕಮಕಿ ಉಜ್ಜಿದಾಗ ಬರುವ ಸುಟ್ಟ ವಾಸನೆ ಗಾಳಿಯಲ್ಲಿ ಬರುತ್ತಿತ್ತು. ಅದರ ಜೊತೆ ಇನ್ನೊಂದು ವಾಸನೆ. ಸಕಲೇಶಪುರದ ಕಡೆಯವನು ನಾನು, ನನಗೆ ಅದು ತಕ್ಷಣ ಗೊತ್ತಾಯಿತು: ಏಲಕ್ಕಿ. ಅಲ್ಲಿ ಗುಡ್ಡದ ಮೈಮೇಲೆ ಉತ್ತಿಸ್ ಮರದ ನೆರಳಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರೆ. ಸೆಪ್ಟೆಂಬರ್ ಅಂದರೆ ಕೊಯ್ಲಿನ ಕಾಲ. ಯಾರದೋ ಒಂದಿಡೀ ತೋಟ ಮರ, ಮಣ್ಣು, ಗಿಡದ ಸಮೇತ ಕೆಳಗೆ ಬಂದು ಜಜ್ಜಿ ಹೋಗಿತ್ತು. ಇವತ್ತಿಗೂ ಅಡಿಗೆಮನೆಯಲ್ಲಿ ಏಲಕ್ಕಿ ಕುಟ್ಟಿದರೆ ನಾನು ಹೊರಗೆ ಹೋಗಿ ಕೂರುತ್ತೇನೆ.

ಬೆಳಗಾದ ಮೇಲೆ ನೋಡಿದರೆ ಹಸಿರು ಗುಡ್ಡದ ಮೇಲೆ ಬಿಳಿ ಗೀರು. ಎಲ್ಲ ಗೀರೂ ನೆತ್ತಿಯಿಂದ ಶುರುವಾಗಿದ್ದವು. ಇದನ್ನು ನೀವು ಗಮನಿಸಬೇಕು. ನಮ್ಮ ಕಡೆ ಮಳೆಗೆ ಗುಡ್ಡ ಜರಿಯುವುದು ಸಾಮಾನ್ಯವಾಗಿ ಕೆಳಗಿನಿಂದ. ಹಳ್ಳ ಬುಡ ಕೊರೆದ ಕಡೆ, ರಸ್ತೆಗೆ ಧರೆ ಕಡಿದ ಕಡೆ, ನೀರು ಇಂಗಿ ಒರತೆ ಎದ್ದ ಕಡೆ. ಸಿಕ್ಕಿಂನಲ್ಲಿ ಮೇಲಿನ ಏಣೇ, ಅಂದರೆ ಗುಡ್ಡದ ನೆತ್ತಿಯ ಅಂಚೇ, ಒಡೆದು ಬಂದಿತ್ತು. ನಾವು ದಿನಾ ರಸ್ತೆ ಮೇಲಿನ ಧರೆ ನೋಡಿಕೊಂಡು, ಇದು ಗಟ್ಟಿ ಇದೆ ಅಂದುಕೊಂಡು ಮಲಗುತ್ತಿದ್ದೆವು. ಬಂದದ್ದು ನಮಗೆ ಕಾಣದ ಎತ್ತರದಿಂದ.

ಆ ಮಣ್ಣೂ ಬೇರೆ ಥರ. ಮಳೆಗೆ ಬಂದ ಕುಸಿತವನ್ನು ತಳ್ಳಿದರೆ ಬ್ಲೇಡಿನ ಮುಂದೆ ಗಂಜಿ ಥರ ಹರಿಯುತ್ತದೆ, ತಳ್ಳಿದಷ್ಟೂ ಹಿಂದೆ ತುಂಬಿಕೊಳ್ಳುತ್ತದೆ. ಭೂಕಂಪದ್ದು ಹಾಗಲ್ಲ. ಆಗತಾನೇ ಒಡೆದ ಬಂಡೆ, ಅಂಚು ಕತ್ತಿಯ ಹಾಗೆ, ಒಳಗಿನ ಬಣ್ಣ ಹೊಸದು. ಬ್ಲೇಡಿಗೆ ತಾಗಿದರೆ ಕಿರ್ ಅಂತ ಹಲ್ಲು ಜುಮ್ಮೆನ್ನುವ ಸದ್ದು. ಕಲ್ಲಿನ ನಡುವೆ ಪೊಳ್ಳು ಜಾಸ್ತಿ. ಒಂದನ್ನು ಎಳೆದರೆ ಮೇಲಿನ ಹತ್ತು ಅಲುಗುತ್ತವೆ.

ಡೋಜರ್ ಕೆಲಸ ನಡೆಯುವಾಗ ಒಬ್ಬ ಹುಡುಗ ದೂರದಲ್ಲಿ ನಿಂತು ಬರೀ ಮೇಲೆ ನೋಡುತ್ತಿರಬೇಕು. ಕೈಯಲ್ಲಿ ಸೀಟಿ. ಅವನಿಗೆ ಬೇರೆ ಕೆಲಸ ಕೊಡಬಾರದು. ನನಗೆ ಸಿಕ್ಕ ಹುಡುಗ ಅಲ್ಲಿಯವನೇ, ಹದಿನೆಂಟು ಹತ್ತೊಂಬತ್ತು ವಯಸ್ಸು. ಕುಸಿತಕ್ಕೆ ಅವರು ಪೈರೋ ಅನ್ನುತ್ತಾರೆ. ಅವನು ನನಗೊಂದು ಪಾಠ ಕಲಿಸಿದ: "ದಾಜು (ಅಣ್ಣಾ), ಹತ್ತು ನಿಮಿಷಕ್ಕೊಮ್ಮೆ ಇಂಜಿನ್ ಆಫ್ ಮಾಡಿ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ." ಆಫ್ ಮಾಡುತ್ತಿದ್ದೆ. ಮಳೆಯ ಸದ್ದು, ನದಿಯ ಸದ್ದು, ಅದರ ನಡುವೆ ಎಲ್ಲೋ ಮೇಲೆ ಗೋಲಿ ಉರುಳಿದ ಹಾಗೆ ಸಣ್ಣ ಸದ್ದು. ಅದು ಕೇಳಿದರೆ ಇಳಿದು ದೂರ ಹೋಗುವುದು. ನಾಲ್ಕನೇ ದಿನ ಭೂಕಂಪ ಇಲ್ಲ, ಏನಿಲ್ಲ, ಸ್ವಲ್ಪ ಬಿಸಿಲು ಕೂಡ ಬಂದಿತ್ತು. ಸೀಟಿ ಕೇಳಿತು, ಹಾರಿದೆ. ಒಂದು ಅಕ್ಕಿಮೂಟೆಯಷ್ಟು ದೊಡ್ಡ ಕಲ್ಲು ಬಂದು ಡೋಜರಿನ ತಲೆಮೇಲಿನ ಕಂಬಿಯನ್ನು ಬಗ್ಗಿಸಿ ನದಿಗೆ ಹೋಯಿತು. ಆ ಹುಡುಗ ಇಲ್ಲದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ.

ಸಿಕ್ಕಿಂ, ನೇಪಾಳ, ಟಿಬೆಟ್ ಎಲ್ಲ ಸೇರಿ ಅವತ್ತಿನ ಭೂಕಂಪಕ್ಕೆ 100ಕ್ಕೂ ಹೆಚ್ಚು ಜನ ಹೋದರು. ರಸ್ತೆ ಎಷ್ಟೋ ಕಡೆ ಮಾಯವಾಗಿತ್ತು. ಮಳೆ, ಮೋಡದಿಂದ ಮೊದಲೆರಡು ದಿನ ಹೆಲಿಕಾಪ್ಟರ್ ಬರುವುದೂ ಕಷ್ಟವಾಗಿತ್ತು. ಜವಾನರು ಕಾಲ್ನಡಿಗೆಯಲ್ಲೇ ಹಳ್ಳಿಗಳಿಗೆ ಹೋದರು.

ಈಗ ತಮ್ಮನ ವಿಷಯ. ಫೋಟೊದಲ್ಲಿ ಶೆಡ್ಡು ಎಲ್ಲಿದೆ ಅಂತ ನನಗೆ ಕಾಣದು, ಅವನೇ ನೋಡಬೇಕು. ಶೆಡ್ಡಿನ ಹಿಂದೆ ಝೋರಾ ಇಳಿದು ಬರುತ್ತದೆಯಾ? ಝೋರಾ ಅಂದರೆ ಅಲ್ಲಿನ ಗುಡ್ಡದ ಹಳ್ಳ. ಅದರ ಬಾಯಲ್ಲಿ ಬೀಸಣಿಗೆಯ ಹಾಗೆ ಹರಡಿದ ಸಮತಟ್ಟು ಜಾಗ ಇರುತ್ತದೆ. ಗುಡ್ಡದ ಸೀಮೆಯಲ್ಲಿ ಸಮತಟ್ಟು ಸಿಗುವುದೇ ಕಷ್ಟ, ಹಾಗಾಗಿ ಎಲ್ಲರೂ ಕ್ಯಾಂಪ್ ಹಾಕುವುದು ಅಲ್ಲೇ. ಆದರೆ ಆ ಸಮತಟ್ಟು ಆಗಿದ್ದು ಹೇಗೆ? ಹಿಂದೆ ಮೇಲಿನಿಂದ ಬಂದ ಮಣ್ಣು ಕಲ್ಲಿನಿಂದಲೇ. ಅಲ್ಲಿ ಮಲಗಬಾರದು. ಶೆಡ್ಡಿನ ಸುತ್ತ ಎಮ್ಮೆ ಗಾತ್ರದ ಕಲ್ಲುಗಳು ಒಂಟಿಯಾಗಿ ಕೂತಿದ್ದರೆ, ಅವೂ ಮೇಲಿನಿಂದ ಬಂದವೇ. ಎಷ್ಟು ದೂರದವರೆಗೆ ಬಂದಿವೆ ಅಂತ ಅಳೆಯಲಿ. ಮುಂದಿನದೂ ಅಲ್ಲಿಯವರೆಗಾದರೂ ಬರಬಹುದು.

ಅಲುಗಿದ ಕೂಡಲೇ ಓಡುವ ದಾರಿ ಯಾವುದು ಅಂತ ಇವತ್ತೇ ನಡೆದು ನೋಡಲಿ. ಇಳಿಜಾರಿನ ಕೆಳಗೆ ಓಡಿದರೆ ಕಲ್ಲು ನಮಗಿಂತ ಜೋರಾಗಿ ಓಡುತ್ತದೆ. ಪಕ್ಕಕ್ಕೆ ಓಡಬೇಕು, ಹಳ್ಳದಿಂದ ದೂರ, ಏರಿದ ದಿಣ್ಣೆಯ ಕಡೆಗೆ. ರಾತ್ರಿ ಶೂ ತಲೆದೆಸೆಯಲ್ಲೇ ಇರಲಿ, ಟಾರ್ಚು ಅದರ ಒಳಗೆ.

ಇನ್ನೊಂದು ಮಾತು. ಭೂಕಂಪ ಆದ ಮೇಲೆ ನದಿಯ ನೀರು ಇದ್ದಕ್ಕಿದ್ದ ಹಾಗೆ ಕಮ್ಮಿಯಾದರೆ ಕೆಳಗೆ ಇಳಿದು ನೋಡಲು ಹೋಗಬಾರದು. ಮೇಲೆ ಎಲ್ಲೋ ಗುಡ್ಡ ಬಿದ್ದು ನದಿ ಕಟ್ಟಿಕೊಂಡಿದೆ ಅಂತ ಅರ್ಥ. ಬೇರೆ ಏನೂ ಯೋಚಿಸದೆ ಎತ್ತರಕ್ಕೆ ಹೋಗಬೇಕು.

ಕಲ್ಲುಮಣ್ಣು ಬರೆದದ್ದು:

ಯಸಳೂರಿನವರು ಬರೆದದ್ದನ್ನು ಓದಿ ಮೈ ಜುಮ್ಮೆಂದಿತು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ಅವರು ಕಣ್ಣಲ್ಲಿ ಕಂಡದ್ದಕ್ಕೆ ಕಾರಣ ಹೇಳುತ್ತೇನೆ.

ನೆತ್ತಿ ಯಾಕೆ ಒಡೆಯುತ್ತದೆ? ಅಡಿಕೆ ಮರದ ಬುಡ ಹಿಡಿದು ಅಲ್ಲಾಡಿಸಿ. ಬುಡ ಒಂದು ಬೆರಳು ಅಲುಗಿದರೆ ತುದಿ ಒಂದು ಮೊಳ ಆಡುತ್ತದೆ. ಬೆಟ್ಟವೂ ಸ್ವಲ್ಪ ಹಾಗೇ. ಕೆಳಗಿನಿಂದ ಬಂದ ಕಂಪನ ಕಿರಿದಾದ ನೆತ್ತಿಗೆ ಬಂದಾಗ ಅಲ್ಲಿ ಒಟ್ಟುಗೂಡಿ ಜೋರಾಗುತ್ತದೆ. ಬಂಡೆಯಲ್ಲಿ ಮೊದಲೇ ಇದ್ದ ಸೀಳುಗಳು ಬಾಯಿ ಬಿಡುತ್ತವೆ. ಬಿದ್ದದ್ದು ಬಿದ್ದಿತು. ಬೀಳದೆ ಸೀಳು ಬಿಟ್ಟು ನಿಂತದ್ದೂ ಬಹಳ ಇರುತ್ತದೆ. ಆ ಸೀಳಿಗೆ ಮುಂದಿನ ಮಳೆಗಾಲದ ನೀರು ಇಳಿಯುತ್ತದೆ.

ಚೀನಾದ ಸಿಚುವಾನ್‌ನಲ್ಲಿ 2008ರ ಮೇ 12ರಂದು 7.9ರ ವೆಂಚುವಾನ್ ಭೂಕಂಪ ಆಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 87 ಸಾವಿರ. ಅದರಲ್ಲಿ ಸುಮಾರು 20 ಸಾವಿರ ಜನ ಸತ್ತದ್ದು ಗುಡ್ಡ ಕುಸಿತಕ್ಕೆ ಅಂತ ಲೆಕ್ಕ. ಬೇಚುವಾನ್ ಪಟ್ಟಣದ ಮೇಲೆ ಎರಡು ಕಡೆಯಿಂದ ಬೆಟ್ಟ ಬಿತ್ತು. ಅದರ ಮೇಲ್ಗಡೆ ತಾಂಗ್‌ಜಿಯಾಶಾನ್ ಅನ್ನುವಲ್ಲಿ ಗುಡ್ಡ ಬಿದ್ದು ನದಿ ಕಟ್ಟಿ ಕೆರೆಯಾಯಿತು. ಸೈನಿಕರು ಹಗಲು ರಾತ್ರಿ ಕಾಲುವೆ ತೋಡಿದರು. ಕೆಳಗಿನ ಊರುಗಳಿಂದ ಎರಡೂವರೆ ಲಕ್ಷ ಜನರನ್ನು ಎಬ್ಬಿಸಿದರು. ಜೂನ್ 10ಕ್ಕೆ ನೀರು ಹರಿದು ಹೋಯಿತು, ಜನ ಉಳಿದರು. ಅಲ್ಲಿಗೆ ಮುಗಿಯಲಿಲ್ಲ. 2010ರ ಆಗಸ್ಟ್ ಮಳೆಗೆ, ಅಂದರೆ ಎರಡು ವರ್ಷದ ಮೇಲೆ, ಯಿಂಗ್‌ಶಿಯು ಹತ್ತಿರ ಸಡಿಲ ಮಣ್ಣೆಲ್ಲ ಕೆಸರಿನ ಹೊಳೆಯಾಗಿ ಇಳಿದು ಹೊಸದಾಗಿ ಕಟ್ಟಿದ ಊರಿಗೇ ನುಗ್ಗಿತು.

ನದಿ ಕಟ್ಟಿಕೊಳ್ಳುವುದಕ್ಕೆ ನಮ್ಮ ದೇಶದ ಉದಾಹರಣೆ 1950ರ ಆಗಸ್ಟ್ 15ರ ಅಸ್ಸಾಂ ಭೂಕಂಪ. 8.6. ಸುಬನ್‌ಸಿರಿ ನದಿಗೆ ಗುಡ್ಡ ಬಿದ್ದು ನೀರು ನಿಂತಿತು. ಎಂಟು ದಿನದ ಮೇಲೆ ಕಟ್ಟೆ ಒಡೆದು 7 ಮೀಟರ್ ಎತ್ತರದ ನೀರು ಬಂತು. 500ಕ್ಕೂ ಹೆಚ್ಚು ಜನ ಹೋದರು. ಭೂಕಂಪದಲ್ಲಿ ಬದುಕಿ ಉಳಿದಿದ್ದ ಜನ ಅವರು.

ನೇಪಾಳದ ಲಾಂಗ್‌ಟಾಂಗ್ ಬಗ್ಗೆಯೂ ಹೇಳಬೇಕು. 2015ರ ಏಪ್ರಿಲ್ 25, ಮಧ್ಯಾಹ್ನಕ್ಕೆ ನಾಲ್ಕು ನಿಮಿಷ ಮೊದಲು, 7.8. ಲಾಂಗ್‌ಟಾಂಗ್ ಲಿರುಂಗ್ ಶಿಖರದ ಕಡೆಯಿಂದ ಹಿಮ, ಮಂಜುಗಡ್ಡೆ, ಬಂಡೆ ಸೇರಿಕೊಂಡು ಹಳ್ಳಿಯ ಮೇಲೆ ಬಿತ್ತು. 300ಕ್ಕೂ ಹೆಚ್ಚು ಜನ ಸತ್ತರು. ಕಣಿವೆಯ ಆಚೆ ಬದಿಯ ಕಾಡಿನ ಮರಗಳು ಮಲಗಿದ್ದವು. ಅಲ್ಲಿಗೆ ಕಲ್ಲು ತಲುಪಿರಲಿಲ್ಲ. ಮುಂದೆ ತಳ್ಳಿಕೊಂಡು ಬಂದ ಗಾಳಿಯೇ ಮರ ಮಲಗಿಸಿತ್ತು. ಹಳ್ಳಿಯಲ್ಲಿ ಒಂದೇ ಒಂದು ಮನೆ ನಿಂತಿತ್ತು. ಅದು ಮುಂದಕ್ಕೆ ಚಾಚಿದ ಬಂಡೆಯ ಮರೆಯಲ್ಲಿ ಇತ್ತು. ಆ ಫೋಟೊವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ತೋರಿಸುತ್ತೇನೆ. ಮಕ್ಕಳು ಸುಮ್ಮನಾಗಿಬಿಡುತ್ತಾರೆ.

ಸಂಪಾಜೆಘಾಟಿ ಬರೆದದ್ದು:

ಇಲ್ಲೇ ಒಂದು ಅನುಮಾನ ಕೇಳಿಬಿಡುತ್ತೇನೆ. ಕೊಡಗಿನಲ್ಲಿ 2018ರ ಜುಲೈ 9ಕ್ಕೆ ಭೂಮಿ ಅಲುಗಿತ್ತು. ಆಗಸ್ಟ್‌ಗೆ ಗುಡ್ಡಗಳು ಬಿದ್ದವು. ನಮ್ಮ ಕಡೆ ಎಷ್ಟೋ ಜನ ಇವತ್ತಿಗೂ ಅದರಿಂದಲೇ ಇದು ಅನ್ನುತ್ತಾರೆ. ನಿಜವಾ?

ಕಲ್ಲುಮಣ್ಣು ಬರೆದದ್ದು:

ಅಲುಗಿದ್ದು ನಿಜ, 3.4. ಆದರೆ ಅಷ್ಟಕ್ಕೆ ಬೆಟ್ಟ ಬೀಳುವುದಿಲ್ಲ. ಸಡಿಲ ಕಲ್ಲು ಉದುರಬೇಕಾದರೂ ಸಾಮಾನ್ಯವಾಗಿ 4ರ ಹತ್ತಿರ ಬೇಕು. 3.4ಕ್ಕೂ ಸಿಕ್ಕಿಂನ 6.9ಕ್ಕೂ ಇರುವ ವ್ಯತ್ಯಾಸ ಬರೀ ಎರಡರಷ್ಟಲ್ಲ. ಹೊರಬರುವ ಶಕ್ತಿಯ ಲೆಕ್ಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪಟ್ಟು. ಕೊಡಗಿನಲ್ಲಿ ಆದದ್ದು ಮಳೆಯಿಂದ, ರಸ್ತೆಗೂ ಮನೆಗೂ ಇಳಿಜಾರನ್ನು ನೆಟ್ಟಗೆ ಕಡಿದದ್ದರಿಂದ. ಭೂಕಂಪದ ಮೇಲೆ ಹೊರಿಸಿದರೆ ನಾವು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕಾಫಿತೋಟ ಬರೆದದ್ದು:

ಅಣ್ಣಾ, ಸರ್, ಇಬ್ಬರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಫೋನಿನಲ್ಲಿ ತಮ್ಮನಿಗೆ ಎಲ್ಲ ಓದಿ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ನಾವು ಝೋರಾ ಬಾಯಲ್ಲೇ ಇದ್ದೇವೆ" ಅಂದ.

ಇವತ್ತು ಭಾನುವಾರ, ರಜೆ. ಅಲ್ಲಿಯ ಒಬ್ಬರನ್ನು ಕರೆದುಕೊಂಡು ಕ್ಯಾಂಪಿನ ಮೇಲಿನ ಗುಡ್ಡದ ನೆತ್ತಿಗೆ ಹತ್ತಿದ್ದಾನೆ. ಎರಡು ಗಂಟೆ ಹಿಡಿಯಿತಂತೆ. ಮೇಲೆ ಏಲಕ್ಕಿ ತೋಟದ ನಡುವೆ ಒಂದು ಸೀಳು ಇದೆ. ಉದ್ದ ಸುಮಾರು ನಲವತ್ತು ಹೆಜ್ಜೆ, ಅಗಲ ಒಂದು ಗೇಣು. ತೋಟದವರು ಅದನ್ನು ಎಲೆ, ಕಡ್ಡಿ ಹಾಕಿ ಮುಚ್ಚಿದ್ದಾರೆ, ದನ ಕಾಲು ಸಿಕ್ಕಿಸಿಕೊಳ್ಳಬಾರದು ಅಂತ. ಎಷ್ಟು ವರ್ಷದ್ದು ಅಂತ ಕೇಳಿದರೆ "ಆ ಭೂಕಂಪದ್ದು" ಅಂದರಂತೆ. ಅಂದರೆ ಹಳೆಯದು. ಇದಕ್ಕೆ ಹೆದರಬೇಕಾ?

ಯಸಳೂರಿನವ ಬರೆದದ್ದು:

ತಂಗೀ, ಹಳೆಯದು ಅಂತ ಬಿಡಬೇಡಿ. ಭೂಕಂಪದ ಮರುವರ್ಷ, 2012ರ ಸೆಪ್ಟೆಂಬರ್‌ನಲ್ಲಿ, ಚುಂಗ್‌ಥಾಂಗ್ ಸುತ್ತ ಜೋರು ಮಳೆ ಬಂದು ಮತ್ತೆ ಗುಡ್ಡ ಕುಸಿದು ಜನ ಸತ್ತರು. ಅದರ ಮಣ್ಣನ್ನೂ ತಳ್ಳಿದವನು ನಾನು.

ಸೀಳು ಸತ್ತಿದೆಯಾ, ಜೀವ ಇದೆಯಾ ಅಂತ ನೋಡುವುದು ಸುಲಭ. ಸೀಳಿನ ಈಚೆಗೊಂದು ಆಚೆಗೊಂದು ಗೂಟ ಹೊಡೆಯಲಿ. ಮೊಳದುದ್ದ ನೆಲದೊಳಗೆ ಇಳಿಯಬೇಕು. ತಲೆಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಟೇಪ್ ಹಿಡಿದು ಬರೆದಿಡಲಿ. ಮೂರು ಕಡೆ ಹಾಗೆ ಮಾಡಲಿ. ಅಂತರ ಬದಲಾಗದಿದ್ದರೆ ಸದ್ಯ ಪರವಾಗಿಲ್ಲ. ಒಂದು ಮಳೆ ಕಳೆದ ಮೇಲೆ ಒಂದು ಬೆರಳು ಜಾಸ್ತಿಯಾದರೂ ಮಾತಿಲ್ಲ, ಕ್ಯಾಂಪ್ ಎತ್ತಬೇಕು. ಮಳೆನೀರು ಸೀಳಿನೊಳಗೆ ಇಳಿಯದ ಹಾಗೆ ಮೇಲ್ಗಡೆ ಒಂದು ಚರಂಡಿ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಲಿ. ತೋಟದವರ ಹತ್ತಿರ ಮಾತಾಡಿ ಸೀಳಿಗೆ ಮಣ್ಣು ತುಂಬಿ ಮೆಟ್ಟಲಿ. ಬರೀ ಎಲೆ ಮುಚ್ಚಿದರೆ ನೀರು ನೇರ ಒಳಗೆ ಹೋಗುತ್ತದೆ.

ಅಳತೆ ಬರುವವರೆಗೂ ಝೋರಾ ಬಾಯಲ್ಲಿ ಮಲಗುವುದು ಬೇಡ. ಹಗಲು ಕೆಲಸ ಮಾಡಲಿ, ರಾತ್ರಿ ಊರೊಳಗೆ ಯಾರ ಮನೆಯಲ್ಲಾದರೂ ಮಲಗಲಿ. ಆ ಜನ ಒಳ್ಳೆಯವರು, ಕೇಳಿದರೆ ಇಲ್ಲ ಅನ್ನುವುದಿಲ್ಲ. ಮೇಲಿನವರು ಒಪ್ಪದಿದ್ದರೆ ಸೀಳಿನ ಫೋಟೊವನ್ನು, ಟೇಪ್ ಇಟ್ಟು ತೆಗೆದದ್ದನ್ನು, ಕಾಗದದ ಜೊತೆ ಕೊಡಲಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಕಾಫಿತೋಟ ಬರೆದದ್ದು (ಐದು ವಾರದ ನಂತರ):

ವಿಷಯ ತಿಳಿಸಬೇಕಿತ್ತು, ಬರೆಯುವುದು ತಡವಾಯಿತು.

ಮೂರು ಜೋಡಿ ಗೂಟ ಹೊಡೆದ. ನಡುವಿನ ಜೋಡಿ ಮೊದಲ ದಿನ 62 ಸೆಂಟಿಮೀಟರ್. ಎರಡು ವಾರ ಹಾಗೇ ಇತ್ತು. ಆಮೇಲೆ ಮೂರು ದಿನ ಬಿಡದೆ ಮಳೆ. ನಾಲ್ಕನೇ ದಿನ 64 ತೋರಿಸಿತು. ಅವನು ಫೋಟೊ ತೆಗೆದು, ಕಾಗದ ಬರೆದು ಕೊಟ್ಟ. ಮೊದಲು ಒಂದಷ್ಟು ಮಾತಾಯಿತಂತೆ, ಕೆಲಸ ನಿಲ್ಲುತ್ತದೆ, ಖರ್ಚು ಬರುತ್ತದೆ ಅಂತ. ಕೊನೆಗೆ ಅಲ್ಲಿಯ ಹಿರಿಯರೊಬ್ಬರು ಬಂದು ಶೆಡ್ಡಿನ ಪಕ್ಕದ ದೊಡ್ಡ ಕಲ್ಲುಗಳನ್ನು ತೋರಿಸಿ, ಯಾವುದು ಯಾವ ವರ್ಷ ಬಂದದ್ದು ಅಂತ ಹೇಳಿದರಂತೆ. ಅದಾದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ಹೋದ ಗುರುವಾರ ನಾಲ್ಕೂ ಶೆಡ್ಡು ಬಿಚ್ಚಿ, ಮುನ್ನೂರು ಮೀಟರ್ ಆಚೆ ದಿಣ್ಣೆಯ ಮೇಲೆ ಹಾಕಿದ್ದಾರೆ. ನೀರು ಹೊರುವುದು ದೂರವಾಯಿತು ಅಂತ ಅಡಿಗೆಯವರಿಗೆ ಬೇಜಾರು.

ಅಣ್ಣಾ, ಆ ಸೀಟಿ ಹುಡುಗನ ಊರಿನ ಹೆಸರು ನಿಮಗೆ ನೆನಪಿದ್ದರೆ ನನಗೆ ಬೇರೆಯಾಗಿ ತಿಳಿಸಿ. ತಮ್ಮ ಹೋಗಿ ನೋಡಿಕೊಂಡು ಬರುತ್ತೇನೆ ಅನ್ನುತ್ತಿದ್ದಾನೆ.

ಗೂಟ ಅಲ್ಲೇ ಇವೆ. ಪ್ರತಿ ಭಾನುವಾರ ಹತ್ತಿ ಅಳೆದು ಫೋನ್ ಮಾಡುತ್ತಾನೆ. ಅಮ್ಮ ಆ ಮೂರು ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಬರೆದಿಡುತ್ತಾರೆ. ಈ ವಾರ ನಡುವಿನದು 64 ದಾಟಿಲ್ಲ.